ಬ್ಯಾಟರಿ ಚಾರ್ಜರುಗಳ ಬಲವನ್ನು ಪರೀಕ್ಷಿಸುವ ಕ್ರಮ

(ವ್ಯವಸಾಯದ ಇನ್‌ಸ್ಪೆಕ್ಟರೊಬ್ಬರು, ಎಲ್.ಎಜಿ., ಬರೆದುದು)

ಬಿತ್ತನೆಯ ಬೀಜವನ್ನು ಕೊಳ್ಳುವಾಗ ಮೊಳಕೆಯನ್ನು ಪರೀಕ್ಷಿಸಿ ನೋಡಬೇಕೆಂದೂ, ಗೊಬ್ಬರವನ್ನು ಕೊಳ್ಳುವಾಗ ಚೀಲದ ಮೇಲಣ ಬರಹವನ್ನು ಓದಿಕೊಳ್ಳಬೇಕೆಂದೂ ನಮ್ಮ ರೈತರಿಗೆ ಈಗ ಹೊಸದಾಗಿ ಹೇಳಿಕೊಡಬೇಕಾದ ಅಗತ್ಯವಿಲ್ಲ. ಆದರೆ ಯಂತ್ರಗಳ ವಿಷಯದಲ್ಲಿ ಈ ಎಚ್ಚರಿಕೆಯು ಇನ್ನೂ ಬಂದಿರುವುದಿಲ್ಲ. ಯಂತ್ರದ ಪೆಟ್ಟಿಗೆಯ ಮೇಲೆ ಅಚ್ಚಾಗಿರುವ ಅಂಕಿಯನ್ನು ಓದಿದವರೂ ನಂಬುತ್ತಾರೆ, ಓದದವರೂ ನಂಬುತ್ತಾರೆ. ಟ್ರಾಕ್ಟರಿನ ಬ್ಯಾಟರಿಗೆ ವಿದ್ಯುತ್ತನ್ನು ತುಂಬುವ ಅಗ್ಗದ ಚಾರ್ಜರುಗಳು ಈಗ ಸಂತೆಯ ಅಂಗಡಿಗಳಲ್ಲಿಯೂ ದೊರೆಯುತ್ತಿರುವುದರಿಂದ, ಅವು ಹೇಳಿದಷ್ಟು ಬಲವನ್ನು ಕೊಡುತ್ತವೆಯೇ ಎಂಬುದನ್ನು ಹೆಚ್ಚು ಖರ್ಚಿಲ್ಲದೆ ತಿಳಿಯುವ ಕ್ರಮವನ್ನು ಗ್ರಾಮದ ಮುಖಂಡರ ಮತ್ತು ಹಿಡುವಳಿದಾರರ ಅವಗಾಹನೆಗಾಗಿ ಇಲ್ಲಿ ವಿವರಿಸಲಾಗಿದೆ.

೧. ಈ ಲೇಖನಕ್ಕೆ ಕಾರಣ

ಮಾಗಡಿ ಸೀಮೆಯ ಒಂದು ಗ್ರಾಮದಲ್ಲಿ ನಡೆದ ರೈತರ ಸಭೆಯಲ್ಲಿ, ಟ್ರಾಕ್ಟರು ಉಳ್ಳವರು ಮನೆಯಲ್ಲಿ ಒಂದು ಚಾರ್ಜರನ್ನು ಇಟ್ಟುಕೊಳ್ಳುವುದು ಒಳ್ಳೆಯದೆಂದು ನಾನು ಹೇಳಿದೆನು. ಅಲ್ಲಿಗೆ ಒಬ್ಬರು ತಂದಿದ್ದ ಪೆಟ್ಟಿಗೆಯನ್ನೇ ಕೈಯಲ್ಲಿ ಹಿಡಿದು ತೋರಿಸಿದೆನು. ಅದರ ಬೆಲೆ ೧,೪೦೦ ರೂಪಾಯಿ. ಮೇಲೆ "೧೨ ವೋಲ್ಟ್, ೨೦ ಆಂಪಿಯರ್" ಎಂದು ದಪ್ಪಕ್ಷರಗಳಲ್ಲಿ ಅಚ್ಚಾಗಿದ್ದಿತು. ಆ ಬರಹವನ್ನು ಪರೀಕ್ಷಿಸದೆಯೇ ನಂಬಿ ಹತ್ತು ಜನರ ಮುಂದೆ ಹೊಗಳಿದುದು ನನ್ನ ತಪ್ಪು.

ಸಭೆಗೆ ಬಂದಿದ್ದ ಹಿಡುವಳಿದಾರರೊಬ್ಬರು ಅದೇ ಮಾದರಿಯ ಪೆಟ್ಟಿಗೆಯನ್ನು ಕೊಂಡರು. ಬೇಸಗೆಯಲ್ಲಿ ಟ್ರಾಕ್ಟರು ವಾರಗಟ್ಟಲೆ ನಿಂತೇ ಇದ್ದುದರಿಂದ ಬ್ಯಾಟರಿಯು ಅರ್ಧಕ್ಕೆ ಇಳಿಯುತ್ತಿದ್ದಿತು. ಅಂಗಡಿಯವನು ಹೇಳಿದ ಲೆಕ್ಕದಂತೆ ಅವರು ಪ್ರತಿ ಸಾರಿಯೂ ಎರಡೂವರೆ ಗಂಟೆಯ ಕಾಲ ಚಾರ್ಜು ಮಾಡಿ ತೆಗೆಯುತ್ತಿದ್ದರು. ಪುನರ್ವಸು ಮಳೆ ಬಿದ್ದು ರಾಗಿ ಬಿತ್ತನೆಗೆ ಹದವಾದ ದಿನ ಟ್ರಾಕ್ಟರು ಹೊರಡಲಿಲ್ಲ. ಮೆಕ್ಯಾನಿಕ್ಕನು ನೋಡಿ ಬ್ಯಾಟರಿಯೊಳಗಿನ ಫಲಕಗಳೇ ಕೆಟ್ಟಿವೆಯೆಂದು ಹೇಳಿದನು. ಹೊಸ ಬ್ಯಾಟರಿ ಬರುವ ವೇಳೆಗೆ ನಾಲ್ಕು ದಿನ ಕಳೆದು ನೆಲದ ಹದ ತಪ್ಪಿತು. ಮನೆಯಲ್ಲಿ ಎತ್ತುಗಳನ್ನು ಮಾರಿಬಿಟ್ಟಿದ್ದುದರಿಂದ ಬೇರೆ ದಾರಿಯೂ ಇರಲಿಲ್ಲ. ಅಷ್ಟರಲ್ಲಿ ಅದೇ ಗ್ರಾಮದ ಸಹಕಾರ ಸಂಘದವರು ಸದಸ್ಯರಿಗಾಗಿ ಅದೇ ಮಾದರಿಯ ನಲವತ್ತು ಪೆಟ್ಟಿಗೆಗಳನ್ನು ತರಿಸಲು ಗೊತ್ತು ಮಾಡಿದ್ದರು. ಅದನ್ನು ಕೇಳಿ ನಾನು ಸಂಘದ ಯಜಮಾನರನ್ನು ಕಂಡು, ಹಣ ಕಟ್ಟುವುದಕ್ಕೆ ಮುಂಚೆ ಒಂದನ್ನು ಪರೀಕ್ಷಿಸಿ ನೋಡೋಣವೆಂದು ಬೇಡಿಕೊಂಡೆನು. ಪರೀಕ್ಷೆಯು ಅವರ ಮನೆಯ ಅಂಗಳದಲ್ಲಿಯೇ ನಡೆಯಿತು.

೨. ಬ್ಯಾಟರಿಯ ಸ್ವಭಾವ

ಟ್ರಾಕ್ಟರಿನ ಬ್ಯಾಟರಿಯು ಸೀಸದ ಫಲಕಗಳನ್ನು ನೀರು ಬೆರೆಸಿದ ಗಂಧಕಾಮ್ಲದಲ್ಲಿ ಮುಳುಗಿಸಿ ಮಾಡಿದುದು. ಫ್ರಾನ್ಸ್ ದೇಶದ ಗಾಸ್ತೋನ್ ಪ್ಲಾಂಟೆ ಎಂಬ ವಿಜ್ಞಾನಿಯು ೧೮೫೯ನೆಯ ಇಸವಿಯಲ್ಲಿ ಇದನ್ನು ಕಂಡುಹಿಡಿದನು. ಬ್ಯಾಟರಿಯಿಂದ ವಿದ್ಯುತ್ತು ಖರ್ಚಾದಂತೆಲ್ಲಾ ಎರಡು ಬಗೆಯ ಫಲಕಗಳ ಮೇಲೂ ಸೀಸದ ಸಲ್ಫೇಟೆಂಬ ವಸ್ತುವು ಕೂಡಿಕೊಳ್ಳುತ್ತದೆ. ಕೂಡಲೇ ಪೂರ್ತಿಯಾಗಿ ಚಾರ್ಜು ಮಾಡಿದಲ್ಲಿ ಅದು ಕರಗಿ ಮೊದಲಿನಂತಾಗುತ್ತದೆ. ಅರೆಹೊಟ್ಟೆಯಲ್ಲಿ ವಾರಗಟ್ಟಲೆ ಬಿಟ್ಟಲ್ಲಿ ಅದೇ ವಸ್ತುವು ಗಟ್ಟಿಯಾಗಿ ಹರಳುಗಟ್ಟಿ, ಆಮೇಲೆ ಎಷ್ಟು ಚಾರ್ಜು ಮಾಡಿದರೂ ಕರಗುವುದಿಲ್ಲ. ಆದಕಾರಣ ಬ್ಯಾಟರಿಗಳು ಉಪಯೋಗದಿಂದ ಕೆಡುವುದಕ್ಕಿಂತ ಅರೆಚಾರ್ಜಿನಲ್ಲಿ ನಿಂತು ಕೆಡುವುದು ನಮ್ಮ ಹಳ್ಳಿಗಳಲ್ಲಿ ಸಾಮಾನ್ಯವಾಗಿದೆ.

ಬ್ಯಾಟರಿಯ ಸ್ಥಿತಿಯನ್ನು ತಿಳಿಯಲು ಅದನ್ನು ಕೆಲವು ಗಂಟೆಗಳ ಕಾಲ ಯಾವ ಕೆಲಸಕ್ಕೂ ಹಚ್ಚದೆ ಬಿಟ್ಟು, ಮಲ್ಟಿಮೀಟರಿನಿಂದ ವೋಲ್ಟೇಜನ್ನು ನೋಡಬೇಕು. ೧೨.೬ ಅಥವಾ ೧೨.೭ ಇದ್ದಲ್ಲಿ ತುಂಬಿದೆಯೆಂದೂ, ೧೨.೨ರ ಸುಮಾರಿನಲ್ಲಿದ್ದಲ್ಲಿ ಅರ್ಧ ಉಳಿದಿದೆಯೆಂದೂ, ೧೧.೯ಕ್ಕಿಂತ ಕಡಮೆಯಾದಲ್ಲಿ ಬರಿದಾಗಿದೆಯೆಂದೂ ತಿಳಿಯತಕ್ಕದ್ದು.

೩. ಪೆಟ್ಟಿಗೆಯ ಮೇಲಣ ಬರಹದ ಅರ್ಥ

ವೋಲ್ಟೆಂಬುದು ನೀರಿನ ಎತ್ತರವಿದ್ದಂತೆ. ಆಂಪಿಯರೆಂಬುದು ಕಾಲುವೆಯಲ್ಲಿ ಹರಿಯುವ ನೀರಿನ ಪ್ರಮಾಣವಿದ್ದಂತೆ. ಇವೆರಡನ್ನೂ ಗುಣಿಸಿದರೆ ಬರುವುದು ವ್ಯಾಟ್, ಎಂದರೆ ಬಲ. ಒಂದು ಸಾವಿರ ವ್ಯಾಟಿನ ಬಲವು ಒಂದು ಗಂಟೆಯ ಕಾಲ ನಡೆದರೆ ಮೀಟರಿನಲ್ಲಿ ಒಂದು ಯೂನಿಟ್ ಖರ್ಚು ಬೀಳುತ್ತದೆ.

ಬ್ಯಾಟರಿಯ ಮೇಲೆ ಬರೆದಿರುವ ಆಂಪಿಯರ್-ಗಂಟೆಯೆಂಬುದು ಬೇರೆ. ಅದು ಕೆರೆಯ ಹಿಡಿತವಿದ್ದಂತೆ. ೮೦ ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ ಅರ್ಧ ಖರ್ಚಾಗಿದ್ದರೆ ೪೦ ಆಂಪಿಯರ್-ಗಂಟೆಯನ್ನು ತುಂಬಬೇಕು. ತುಂಬುವಾಗ ಆಗುವ ನಷ್ಟಕ್ಕಾಗಿ ಐದರಲ್ಲಿ ಒಂದು ಪಾಲನ್ನು ಕೂಡಿಸಿದರೆ ೪೮ ಆಗುತ್ತದೆ. ಚಾರ್ಜರು ನಿಜವಾಗಿ ೨೦ ಆಂಪಿಯರ್ ಕೊಡುವುದಾದರೆ ಇದಕ್ಕೆ ಸುಮಾರು ಎರಡೂವರೆ ಗಂಟೆ ಸಾಕು. ಅಂಗಡಿಯವನ ಲೆಕ್ಕವು ಇದೇ. ಲೆಕ್ಕದಲ್ಲಿ ತಪ್ಪಿರಲಿಲ್ಲ, ಲೆಕ್ಕಕ್ಕೆ ಹಿಡಿದ ಅಂಕಿಯು ಸರಿಯೇ ಎಂಬುದೇ ಪ್ರಶ್ನೆ.

ಕೆಲವು ಪೆಟ್ಟಿಗೆಗಳ ಮೇಲೆ, ಯಂತ್ರವು ಒಂದು ಕ್ಷಣ ಮಾತ್ರ ಕೊಡಬಲ್ಲ ಹೆಚ್ಚಿನ ಅಂಕಿಯನ್ನು ಬರೆದಿರುತ್ತಾರೆ. ಕೆಲವುಗಳ ಮೇಲೆ ಬ್ಯಾಟರಿಯ ಹಿಡಿತವನ್ನೂ ಚಾರ್ಜರಿನ ಬಲವನ್ನೂ ಬೆರೆಸಿ ಬರೆದಿರುತ್ತಾರೆ. ಕೊಳ್ಳುವವರಿಗೆ ಬೇಕಾದುದು ಅರ್ಧ ಗಂಟೆ ನಡೆದ ಮೇಲೆಯೂ ನಿಲ್ಲುವ ಆಂಪಿಯರ್ ಎಷ್ಟೆಂಬುದು ಮಾತ್ರ.

೪. ಪರೀಕ್ಷೆಗೆ ಮೊದಲು ಗಮನಿಸತಕ್ಕ ಅಂಶಗಳು

ಮೊದಲನೆಯದಾಗಿ, ತುಂಬಿದ ಬ್ಯಾಟರಿಯ ಮೇಲೆ ಚಾರ್ಜರನ್ನು ಪರೀಕ್ಷಿಸಕೂಡದು. ಏತಕ್ಕೆಂದರೆ ಬ್ಯಾಟರಿಯು ತುಂಬುತ್ತ ಬಂದಂತೆ ಒಳ್ಳೆಯ ಚಾರ್ಜರು ತಾನಾಗಿಯೇ ಆಂಪಿಯರನ್ನು ಕಡಮೆ ಮಾಡುತ್ತದೆ. ಅದು ಯಂತ್ರದ ಗುಣವೇ ಹೊರತು ಮೋಸವಲ್ಲ. ಆದುದರಿಂದ ಬ್ಯಾಟರಿಯನ್ನು ಮೊದಲು ಸ್ವಲ್ಪ ಇಳಿಸಬೇಕು. ೫೫ ವ್ಯಾಟಿನ ಹೆಡ್‌ಲೈಟ್ ಬಲ್ಬೊಂದನ್ನು ಐದಾರು ಗಂಟೆ ಉರಿಸಿದರೆ ೮೦ ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ ಸುಮಾರು ಮೂರರಲ್ಲೊಂದು ಪಾಲು ಖರ್ಚಾಗುತ್ತದೆ. ಇಷ್ಟು ಸಾಕು.

ಎರಡನೆಯದಾಗಿ, ಮನೆಯ ಸರಬರಾಜಿನ ವೋಲ್ಟೇಜನ್ನು ನೋಡತಕ್ಕದ್ದು. ೨೩೦ ವೋಲ್ಟ್ ಇರಬೇಕಾದಲ್ಲಿ ೧೮೦ಕ್ಕೆ ಇಳಿದಿರುವಾಗ ಪರೀಕ್ಷಿಸಿ ಯಂತ್ರವನ್ನು ದೂಷಿಸುವುದು ನ್ಯಾಯವಲ್ಲ. ಮುಖ್ಯವಾಗಿ ಕಬ್ಬಿಣದ ಟ್ರಾನ್ಸ್‌ಫಾರ್ಮರಿನ ಹಳೆಯ ಬಗೆಯ ಚಾರ್ಜರುಗಳ ಬಲವು ಸರಬರಾಜಿನೊಂದಿಗೇ ಇಳಿಯುತ್ತದೆ.

ಮೂರನೆಯದಾಗಿ, ಅಪಾಯಗಳನ್ನು ತಿಳಿದಿರಬೇಕು. ಚಾರ್ಜು ಆಗುವ ಬ್ಯಾಟರಿಯಿಂದ ಜಲಜನಕವೆಂಬ ಅನಿಲವು ಹೊರಡುತ್ತದೆ. ಗಾಳಿಯಲ್ಲಿ ನೂರಕ್ಕೆ ನಾಲ್ಕು ಪಾಲು ಅದು ಬೆರೆತರೂ ಒಂದು ಕಿಡಿಯಿಂದ ಸಿಡಿಯಬಲ್ಲದು. ಆದಕಾರಣ ಬ್ಯಾಟರಿಯನ್ನು ಟ್ರಾಕ್ಟರಿನಿಂದ ಬಿಚ್ಚಿ ಗಾಳಿಯಾಡುವ ಕಡೆ ಇಡತಕ್ಕದ್ದು. ಬಿಚ್ಚುವಾಗ ಋಣದ ತಂತಿಯನ್ನು ಮೊದಲು ತೆಗೆಯತಕ್ಕದ್ದು. ಹತ್ತಿರದಲ್ಲಿ ಬೀಡಿ ಸೇದಕೂಡದು, ಮಕ್ಕಳನ್ನು ಬಿಡಕೂಡದು. ಚಾರ್ಜರಿನ ಕ್ಲಿಪ್ಪುಗಳನ್ನು ಬ್ಯಾಟರಿಗೆ ಸೇರಿಸಿದ ಮೇಲೆಯೇ ಗೋಡೆಯ ಸ್ವಿಚ್ಚನ್ನು ಹಾಕತಕ್ಕದ್ದು. ತೆಗೆಯುವಾಗ ಸ್ವಿಚ್ಚನ್ನು ಮೊದಲು ಆರಿಸತಕ್ಕದ್ದು.

೫. ಮೊದಲನೆಯ ಪರೀಕ್ಷೆ: ಮನೆಯ ಮೀಟರು

ಈ ಪರೀಕ್ಷೆಗೆ ಕಾಸಿನ ಖರ್ಚೂ ಇಲ್ಲ. ಬಾವಿಯಿಂದ ಎತ್ತಿದುದಕ್ಕಿಂತ ಹೆಚ್ಚಿನ ನೀರು ಗದ್ದೆಗೆ ಹರಿಯಲಾರದು. ಹಾಗೆಯೇ ಗೋಡೆಯಿಂದ ತೆಗೆದುಕೊಂಡುದಕ್ಕಿಂತ ಹೆಚ್ಚಿನ ಬಲವನ್ನು ಯಾವ ಚಾರ್ಜರೂ ಬ್ಯಾಟರಿಗೆ ಕೊಡಲಾರದು. ದಾರಿಯಲ್ಲಿ ಸ್ವಲ್ಪ ಬಿಸಿಯಾಗಿ ಹೋಗುವುದರಿಂದ ಹತ್ತು ಪಾಲು ತೆಗೆದುಕೊಂಡರೆ ಏಳೆಂಟು ಪಾಲನ್ನು ಕೊಡುವುದು ಸಾಮಾನ್ಯ.

ಈಗಿನ ಮೀಟರುಗಳಲ್ಲಿ ಒಂದು ಚಿಕ್ಕ ಕೆಂಪು ದೀಪವು ಖರ್ಚಿಗೆ ತಕ್ಕಂತೆ ಮಿಣುಕುತ್ತದೆ. ಒಂದು ಯೂನಿಟ್ಟಿಗೆ ಎಷ್ಟು ಮಿಣುಕುಗಳೆಂಬುದು ಮೀಟರಿನ ಮುಖದ ಮೇಲೆಯೇ ಅಚ್ಚಾಗಿರುತ್ತದೆ. ೩೨೦೦ ಎಂದಿರುವ ಮೀಟರುಗಳು ಬಹಳ. ೧೬೦೦ ಅಥವಾ ೬೪೦೦ ಎಂದಿರುವುವೂ ಉಂಟು. ಮನೆಯ ದೀಪ, ಫ್ಯಾನು, ಫ್ರಿಜ್ಜು, ಇನ್ವರ್ಟರು ಮುಂತಾದ ಎಲ್ಲವನ್ನೂ ಆರಿಸಿ, ಮಿಣುಕು ನಿಂತಿದೆಯೆಂಬುದನ್ನು ಎರಡು ಮೂರು ನಿಮಿಷ ನೋಡಿ ಖಚಿತ ಮಾಡಿಕೊಳ್ಳಬೇಕು. ಬಳಿಕ ಚಾರ್ಜರೊಂದನ್ನೇ ಹಾಕಿ ಹತ್ತು ನಿಮಿಷಗಳಲ್ಲಿ ಎಷ್ಟು ಮಿಣುಕುಗಳಾದುವೆಂದು ಎಣಿಸತಕ್ಕದ್ದು. ಆ ಸಂಖ್ಯೆಯನ್ನು ೬ರಿಂದ ಗುಣಿಸಿ, ಮೀಟರಿನ ಮೇಲಣ ಸಂಖ್ಯೆಯಿಂದ ಭಾಗಿಸಿ, ೧೦೦೦ದಿಂದ ಗುಣಿಸಿದರೆ ಚಾರ್ಜರು ಗೋಡೆಯಿಂದ ತೆಗೆದುಕೊಳ್ಳುವ ವ್ಯಾಟ್ ಬರುತ್ತದೆ.

ಯಜಮಾನರ ಮನೆಯ ಮೀಟರು ೩೨೦೦ರದು. ಎಣಿಕೆಯನ್ನು ಶಾಲೆಯ ಹುಡುಗನೊಬ್ಬನು ಗೋಡೆಯ ಮೇಲೆ ಸೀಮೆಸುಣ್ಣದ ಗೆರೆಗಳಿಂದ ಮಾಡಿದನು. ಹತ್ತು ನಿಮಿಷಗಳಲ್ಲಿ ೬೪ ಮಿಣುಕುಗಳಾದುವು. ಎಂದರೆ ೧೨೦ ವ್ಯಾಟ್. ಬ್ಯಾಟರಿಯ ತುದಿಗಳಲ್ಲಿ ಆಗ ೧೩.೨ ವೋಲ್ಟ್ ಇದ್ದಿತು. ಪೆಟ್ಟಿಗೆಯು ನಿಜವಾಗಿ ೨೦ ಆಂಪಿಯರ್ ಕೊಡುತ್ತಿದ್ದರೆ ಬ್ಯಾಟರಿಗೇ ೨೬೪ ವ್ಯಾಟ್ ಹೋಗಬೇಕು. ದಾರಿಯಲ್ಲಿ ಸ್ವಲ್ಪವೂ ನಷ್ಟವಿಲ್ಲವೆಂದು ಹಿಡಿದರೂ ಹತ್ತು ನಿಮಿಷಗಳಲ್ಲಿ ೧೪೧ ಮಿಣುಕುಗಳಾಗಬೇಕು. ನಷ್ಟವನ್ನು ಕೂಡಿಸಿದರೆ ೧೭೫ಕ್ಕೆ ಕಡಮೆಯಿಲ್ಲ. ಅರ್ಧ ಗಂಟೆಯಾದ ಮೇಲೆ ಮತ್ತೆ ಎಣಿಸಲಾಗಿ ೬೩ ಬಂದಿತು. ಇಷ್ಟರಿಂದಲೇ ಬರಹವು ಸುಳ್ಳೆಂಬುದು ತಿಳಿಯಬಂದಿತು.

ಇಲ್ಲಿ ಒಂದು ಎಚ್ಚರಿಕೆ. ಕೆಲವರು ಗೋಡೆಯ ಕಡೆಯ ತಂತಿಯಲ್ಲಿ ಆಂಪಿಯರನ್ನು ಅಳೆದು ೨೩೦ರಿಂದ ಗುಣಿಸುತ್ತಾರೆ. ಅಗ್ಗದ ಚಾರ್ಜರುಗಳು ಪರ್ಯಾಯ ವಿದ್ಯುತ್ತನ್ನು ಒಂದೇ ಸಮನಾಗಿ ಎಳೆಯದಿರುವುದರಿಂದ ಹಾಗೆ ಬಂದ ಅಂಕಿಯು ನಿಜವಾದ ಬಲಕ್ಕಿಂತ ಬಹಳ ಹೆಚ್ಚಾಗಿ ಕಾಣುತ್ತದೆ. ಮನೆಯ ಮೀಟರು ನಿಜವಾದ ಬಲವನ್ನೇ ಎಣಿಸುತ್ತದೆ. ಆದುದರಿಂದ ಅದನ್ನೇ ನಂಬತಕ್ಕದ್ದು.

೬. ಎರಡನೆಯ ಪರೀಕ್ಷೆ: ಹೆಡ್‌ಲೈಟ್ ಬಲ್ಬುಗಳು

ಮೀಟರಿನ ಪರೀಕ್ಷೆಯಿಂದ ಚಾರ್ಜರು ಎಷ್ಟನ್ನು ತೆಗೆದುಕೊಳ್ಳುತ್ತದೆಂಬುದು ತಿಳಿಯಿತು. ಎಷ್ಟನ್ನು ಕೊಡುತ್ತದೆಂಬುದನ್ನು ತಿಳಿಯಲು ಬಿಡಿಭಾಗದ ಅಂಗಡಿಯಲ್ಲಿ ಸಿಕ್ಕುವ ೧೨ ವೋಲ್ಟ್, ೫೫ ವ್ಯಾಟಿನ ಬಲ್ಬುಗಳು ಎರಡು ಮೂರು ಇದ್ದರೆ ಸಾಕು. ಇಂತಹ ಒಂದು ಬಲ್ಬು ಸುಮಾರು ನಾಲ್ಕೂವರೆ ಆಂಪಿಯರನ್ನು ಕುಡಿಯುತ್ತದೆ.

ಬ್ಯಾಟರಿಗೆ ಚಾರ್ಜರನ್ನು ಹಚ್ಚುವುದಕ್ಕೆ ಮುಂಚೆ ಅದರ ವೋಲ್ಟೇಜನ್ನು ಬರೆದುಕೊಳ್ಳತಕ್ಕದ್ದು. ಆಮೇಲೆ ಚಾರ್ಜರನ್ನು ನಡೆಸುತ್ತ, ಅದೇ ಬ್ಯಾಟರಿಯ ತುದಿಗಳಿಗೆ ಬಲ್ಬುಗಳನ್ನು ಒಂದೊಂದಾಗಿ ಸೇರಿಸಿ, ಪ್ರತಿ ಸಾರಿಯೂ ಹತ್ತು ನಿಮಿಷ ಕಾದು ವೋಲ್ಟೇಜನ್ನು ನೋಡತಕ್ಕದ್ದು. ಅದು ಮೊದಲು ಬರೆದುಕೊಂಡುದಕ್ಕಿಂತ ಮೇಲೆ ನಿಂತಿದ್ದರೆ, ದೀಪದ ಖರ್ಚನ್ನು ಚಾರ್ಜರೇ ಹೊತ್ತು ಬ್ಯಾಟರಿಗೂ ಸ್ವಲ್ಪ ಕೊಡುತ್ತಿದೆಯೆಂದು ಅರ್ಥ. ಕೆಳಗಿಳಿದು ಇನ್ನೂ ಇಳಿಯುತ್ತಿದ್ದರೆ, ಚಾರ್ಜರಿನ ಬಲ ಸಾಲದೆ ಬ್ಯಾಟರಿಯೇ ಕೈಯಿಂದ ಹಾಕುತ್ತಿದೆಯೆಂದು ಅರ್ಥ. ಉರಿಯುವ ಬಲ್ಬಿನ ಗಾಜು ಬಹಳ ಕಾಯುವುದರಿಂದ ಅದನ್ನು ಮುಟ್ಟಕೂಡದು, ಹುಲ್ಲು ಗೋಣಿಗಳ ಹತ್ತಿರ ಇಡಕೂಡದು.

ನಮ್ಮ ಪರೀಕ್ಷೆಯಲ್ಲಿ ಮೊದಲ ವೋಲ್ಟೇಜು ೧೨.೩. ಒಂದು ಬಲ್ಬು ಉರಿಯುವಾಗ ೧೨.೮ರಲ್ಲಿ ನಿಂತಿತು. ಎರಡನೆಯದನ್ನು ಸೇರಿಸಿದಾಗ ೧೨.೨ಕ್ಕೆ ಬಂದು, ಹತ್ತು ನಿಮಿಷದಲ್ಲಿ ೧೨.೧ ಆಯಿತು. ಆದುದರಿಂದ ಚಾರ್ಜರಿನ ಬಲವು ನಾಲ್ಕೂವರೆ ಆಂಪಿಯರಿಗೆ ಹೆಚ್ಚಾಗಿಯೂ ಒಂಬತ್ತಕ್ಕೆ ಕಡಮೆಯಾಗಿಯೂ ಇದೆಯೆಂದು ಸಿದ್ಧವಾಯಿತು. ನಿಜವಾದ ೨೦ ಆಂಪಿಯರಿನ ಯಂತ್ರವು ಇಂತಹ ನಾಲ್ಕು ಬಲ್ಬುಗಳನ್ನು ಹೊರಬೇಕಾಗಿತ್ತು.

೭. ಮೂರನೆಯ ಪರೀಕ್ಷೆ: ಕ್ಲಾಂಪ್ ಮೀಟರು

ತಂತಿಯನ್ನು ಕತ್ತರಿಸದೆ ಅದರ ಸುತ್ತಲೂ ಹಿಡಿದು ಆಂಪಿಯರನ್ನು ತೋರಿಸುವ ಕ್ಲಾಂಪ್ ಮೀಟರು ಎಲೆಕ್ಟ್ರೀಷಿಯನ್ನರಲ್ಲಿ ಇರುತ್ತದೆ. ಆದರೆ ಅನೇಕ ಕ್ಲಾಂಪ್ ಮೀಟರುಗಳು ಗೋಡೆಯ ಪರ್ಯಾಯ ವಿದ್ಯುತ್ತನ್ನು ಮಾತ್ರ ಅಳೆಯುತ್ತವೆ. ಬ್ಯಾಟರಿಯ ನೇರ ವಿದ್ಯುತ್ತನ್ನೂ ಅಳೆಯುವಂತಹದನ್ನು ಕೇಳಿ ತರಿಸತಕ್ಕದ್ದು. ಸಾಧಾರಣ ಮಲ್ಟಿಮೀಟರಿನಲ್ಲಿ ಹತ್ತು ಆಂಪಿಯರಿಗಿಂತ ಹೆಚ್ಚನ್ನು ಹರಿಯಿಸಿದರೆ ಅದರ ಫ್ಯೂಸಾಗಲಿ ಮೀಟರೇ ಆಗಲಿ ಸುಟ್ಟುಹೋಗಬಹುದಾದುದರಿಂದ ಅದನ್ನು ವೋಲ್ಟೇಜು ನೋಡುವುದಕ್ಕೆ ಮಾತ್ರ ಉಪಯೋಗಿಸುವುದು ಲೇಸು.

ಕ್ಲಾಂಪ್ ಮೀಟರಿನಲ್ಲಿ ನಮಗೆ ೬.೮ ಆಂಪಿಯರ್ ಕಂಡಿತು. ೧೩.೨ರಿಂದ ಗುಣಿಸಿದರೆ ಸುಮಾರು ೯೦ ವ್ಯಾಟ್. ತೆಗೆದುಕೊಂಡುದು ೧೨೦, ಕೊಟ್ಟುದು ೯೦. ಎಂದರೆ ನಾಲ್ಕರಲ್ಲಿ ಮೂರು ಪಾಲು. ಮೂರು ಪರೀಕ್ಷೆಗಳೂ ಒಂದೇ ಮಾತನ್ನು ಹೇಳಿದುವು.

೮. ಪರೀಕ್ಷೆಯಿಂದ ತಿಳಿದುಬಂದ ವಿಷಯ

ಇನ್ನು ಆ ಹಿಡುವಳಿದಾರರ ಬ್ಯಾಟರಿ ಕೆಟ್ಟ ಬಗೆಯು ಸ್ಪಷ್ಟವಾಯಿತು. ೪೦ ಆಂಪಿಯರ್-ಗಂಟೆ ಕೊರತೆಯಿದ್ದ ಬ್ಯಾಟರಿಗೆ ಎರಡೂವರೆ ಗಂಟೆಯಲ್ಲಿ ಈ ಯಂತ್ರವು ಕೊಟ್ಟುದು ೧೭ ಮಾತ್ರ. ಅದರಲ್ಲಿ ನಷ್ಟ ಕಳೆದು ಒಳಗೆ ನಿಂತುದು ಸುಮಾರು ೧೪. ಬೇಕಾಗಿದ್ದುದು ಏಳು ಗಂಟೆಗೂ ಮೇಲ್ಪಟ್ಟ ಕಾಲ. ಬ್ಯಾಟರಿ ತುಂಬಿತೆಂಬ ನಂಬಿಕೆಯಿಂದ ಅದನ್ನು ಪ್ರತಿ ಸಾರಿಯೂ ಅರೆಹೊಟ್ಟೆಯಲ್ಲಿಯೇ ನಿಲ್ಲಿಸಿದಂತಾಯಿತು. ಹೀಗೆ ಎರಡು ತಿಂಗಳು ಕಳೆದ ಮೇಲೆ ಫಲಕಗಳು ಗಟ್ಟಿಗಟ್ಟಿದುದರಲ್ಲಿ ಆಶ್ಚರ್ಯವಿಲ್ಲ.

ಇಲ್ಲಿ ಗಮನಿಸಬೇಕಾದ ಮತ್ತೊಂದು ಅಂಶವುಂಟು. ಬ್ಯಾಟರಿಯ ಹಿಡಿತದ ಹತ್ತರಲ್ಲೊಂದು ಪಾಲು ಆಂಪಿಯರಿನಲ್ಲಿ ನಿಧಾನವಾಗಿ ಚಾರ್ಜು ಮಾಡುವುದೇ ಅದಕ್ಕೆ ಹಿತ. ೮೦ರ ಬ್ಯಾಟರಿಗೆ ಎಂಟು ಆಂಪಿಯರ್ ಸಾಕು. ಹೀಗಿರಲಾಗಿ, ಈ ಪೆಟ್ಟಿಗೆಯನ್ನು ಏಳು ಆಂಪಿಯರಿನದೆಂದು ಹೇಳಿ ಮಾರಿದ್ದರೆ ಅದನ್ನು ದೂಷಿಸುವುದಕ್ಕೆ ಕಾರಣವೇ ಇರಲಿಲ್ಲ. ಯಂತ್ರವು ಅಲ್ಪವಾದುದರಿಂದ ಆದ ನಷ್ಟವಲ್ಲ ಇದು. ಅಂಕಿಯು ಸುಳ್ಳಾದುದರಿಂದ ಆದ ನಷ್ಟ. ಆ ಹಿಡುವಳಿದಾರರು ಈಗ ಪೆಟ್ಟಿಗೆಯ ಮೇಲೆ "೭" ಎಂದು ಬಣ್ಣದಲ್ಲಿ ಬರೆದು, ಸಂಜೆಯಿಂದ ರಾತ್ರಿ ಮಲಗುವವರೆಗೆ ಚಾರ್ಜು ಮಾಡಿ, ಮಾರನೆಯ ಬೆಳಿಗ್ಗೆ ೧೨.೬ ಬಂದಿದೆಯೇ ಎಂದು ನೋಡಿಕೊಂಡು ಅದನ್ನೇ ಉಪಯೋಗಿಸುತ್ತಿದ್ದಾರೆ.

ಔಷಧಿ ಸಿಂಪಡಿಸುವ ಯಂತ್ರಗಳ ಚಿಕ್ಕ ಬ್ಯಾಟರಿಗಳಿಗೆ ಟ್ರಾಕ್ಟರಿನ ಚಾರ್ಜರನ್ನು ಹಚ್ಚಲೇಕೂಡದು. ಅವುಗಳ ಹಿಡಿತವು ಎಂಟು ಹತ್ತು ಆಂಪಿಯರ್-ಗಂಟೆಯಷ್ಟೇ ಇರುವುದರಿಂದ ಅವಕ್ಕೆ ಒಂದು ಆಂಪಿಯರಿನ ಸುಮಾರಿನ ಚಾರ್ಜರು ತಕ್ಕುದು.

೯. ಮುಖಂಡರೂ ಸಂಘದವರೂ ಮಾಡತಕ್ಕದ್ದು

ಯಜಮಾನರು ಅಂದಿನ ಸಂಜೆಯೇ ವ್ಯಾಪಾರಿಯನ್ನು ಕರೆಯಿಸಿ, "ಅರ್ಧ ಗಂಟೆ ನಡೆದ ಮೇಲೆ ೨೦ ಆಂಪಿಯರ್ ಕೊಡುತ್ತದೆಂದು ಬಿಲ್ಲಿನಲ್ಲಿ ಬರೆದುಕೊಡಿ" ಎಂದು ಕೇಳಿದರು. ಅವನು ಒಪ್ಪಲಿಲ್ಲ. ನಲವತ್ತು ಪೆಟ್ಟಿಗೆಗಳ ಆರ್ಡರನ್ನು ನಿಲ್ಲಿಸಲಾಯಿತು. ಬೇರೊಬ್ಬ ವ್ಯಾಪಾರಿಯು ಎಂಟು ಆಂಪಿಯರಿನದೆಂದು ಬರೆದುಕೊಟ್ಟ ಯಂತ್ರವೊಂದನ್ನು ಅದೇ ಮೀಟರಿನಲ್ಲಿ ಪರೀಕ್ಷಿಸಲಾಗಿ ಹತ್ತು ನಿಮಿಷಕ್ಕೆ ೭೦ ಮಿಣುಕುಗಳೂ, ಕ್ಲಾಂಪ್ ಮೀಟರಿನಲ್ಲಿ ೭.೮ ಆಂಪಿಯರೂ ಬಂದುವು. ಬೆಲೆಯು ಆರುನೂರು ರೂಪಾಯಿ ಹೆಚ್ಚು. ಸಂಘದವರು ಅದನ್ನೇ ಗೊತ್ತು ಮಾಡಿದರು. ದೊಡ್ಡ ಅಂಕಿಯ ಪೆಟ್ಟಿಗೆಗೂ ಚಿಕ್ಕ ಅಂಕಿಯ ಪೆಟ್ಟಿಗೆಗೂ ಬಲದಲ್ಲಿದ್ದ ವ್ಯತ್ಯಾಸವು ಒಂದು ಆಂಪಿಯರ್ ಮಾತ್ರ. ಅದೂ ಚಿಕ್ಕ ಅಂಕಿಯದರ ಕಡೆಗೇ.

ಇದರಿಂದ ಮುಖಂಡರು ಅನುಸರಿಸಬಹುದಾದ ಕ್ರಮಗಳನ್ನು ಸಂಗ್ರಹವಾಗಿ ಹೇಳುವುದಾದರೆ:

(೧) ಹಲವು ಯಂತ್ರಗಳನ್ನು ತರಿಸುವಾಗ ಮೊದಲು ಒಂದನ್ನು ಮಾತ್ರ ಕೊಂಡು ಪರೀಕ್ಷಿಸತಕ್ಕದ್ದು.

(೨) ಬಿಲ್ಲಿನಲ್ಲಿ ವೋಲ್ಟ್, ಆಂಪಿಯರ್ ಎರಡನ್ನೂ ಬರೆಯಿಸಿಕೊಳ್ಳತಕ್ಕದ್ದು. ಬಿಲ್ಲನ್ನೂ ಪೆಟ್ಟಿಗೆಯ ರಟ್ಟನ್ನೂ ಜೋಪಾನವಾಗಿ ಇಟ್ಟುಕೊಳ್ಳತಕ್ಕದ್ದು.

(೩) ಚಾರ್ಜು ಮಾಡುವ ಗಂಟೆಗಳನ್ನು ಪೆಟ್ಟಿಗೆಯ ಅಂಕಿಯಿಂದಲ್ಲ, ಪರೀಕ್ಷೆಯಿಂದ ಬಂದ ಅಂಕಿಯಿಂದ ಗೊತ್ತು ಮಾಡತಕ್ಕದ್ದು. ಮುಗಿಯಿತೇ ಎಂಬುದನ್ನು ವೋಲ್ಟೇಜು ನೋಡಿ ನಿಶ್ಚಯಿಸತಕ್ಕದ್ದು.

(೪) ಬರಹವು ಸುಳ್ಳೆಂದು ಕಂಡುಬಂದು ವ್ಯಾಪಾರಿಯು ಹಿಂದಕ್ಕೆ ತೆಗೆದುಕೊಳ್ಳದಿದ್ದಲ್ಲಿ, ೨೦೧೯ರ ಗ್ರಾಹಕರ ಸಂರಕ್ಷಣಾ ಕಾಯಿದೆಯ ಪ್ರಕಾರ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಎರಡು ವರ್ಷಗಳೊಳಗೆ ದೂರು ಕೊಡಬಹುದು. ಕೊಟ್ಟ ಬೆಲೆಯು ಐದು ಲಕ್ಷ ರೂಪಾಯಿಗಳನ್ನು ಮೀರದಿದ್ದಲ್ಲಿ ಶುಲ್ಕವಿಲ್ಲ. ದೂರವಾಣಿಯಲ್ಲಿ ೧೯೧೫ ಎಂಬ ಸಂಖ್ಯೆಗೆ ಕರೆದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಲಹೆಯನ್ನೂ ಪಡೆಯಬಹುದು.

(೫) ಒಂದು ಮಲ್ಟಿಮೀಟರನ್ನೂ, ನೇರ ವಿದ್ಯುತ್ತನ್ನು ಅಳೆಯುವ ಒಂದು ಕ್ಲಾಂಪ್ ಮೀಟರನ್ನೂ ಸಹಕಾರ ಸಂಘದಲ್ಲಿ ಎಲ್ಲರ ಉಪಯೋಗಕ್ಕೆ ಇಟ್ಟಲ್ಲಿ ಬಹಳ ಅನುಕೂಲ.

ಯಂತ್ರವು ಹಳ್ಳಿಗೆ ಬಂದ ಮೇಲೆ ಅದನ್ನು ಅಳೆಯುವ ವಿದ್ಯೆಯೂ ಹಳ್ಳಿಗೆ ಬರಬೇಕು. ತೂಕದ ಕಲ್ಲು ಸರಿಯಿದೆಯೇ ಎಂದು ಸಂತೆಯಲ್ಲಿ ನೋಡುವ ನಮ್ಮ ರೈತರಿಗೆ ಮೀಟರಿನ ಮಿಣುಕನ್ನು ಎಣಿಸುವುದು ಕಷ್ಟವಲ್ಲ. ಹತ್ತು ನಿಮಿಷದ ಈ ಎಣಿಕೆಯನ್ನು ಬೇಸಗೆಯಲ್ಲಿ ಮಾಡಿಟ್ಟುಕೊಂಡಲ್ಲಿ, ಮಳೆ ಬಿದ್ದು ಹದವಾದ ದಿನ ಟ್ರಾಕ್ಟರು ಹೊರಡುವುದೋ ಇಲ್ಲವೋ ಎಂಬ ಚಿಂತೆಯು ತಪ್ಪುವುದು. ನಾನು ಸಭೆಯಲ್ಲಿ ಆಡಿದ ಪರೀಕ್ಷಿಸದ ಮಾತಿಗೆ ಈ ಲೇಖನವು ತಕ್ಕಮಟ್ಟಿನ ತಿದ್ದುಪಡಿಯೆಂದು ವಾಚಕರು ಭಾವಿಸಬೇಕಾಗಿ ಪ್ರಾರ್ಥನೆ.